ತೊರೂನದ ವರ್ತಕನ ಇಟ್ಟಿಗೆಮನೆ
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮದು ವಕೀಲಿಯ ಕಸಬು. ಮನೆಯೆಂದೊಡನೆ ಅದರ ಚೆಲುವಿಗಿಂತ ಮೊದಲು ಹಕ್ಕುಪತ್ರ, ಚಕ್ಕುಬಂದಿ, ಕಬ್ಜೆಗಳ ಕಡೆಗೆ ನಮ್ಮ ಲಕ್ಷ್ಯ ಹರಿಯುವದು. ಈ ಹೊತ್ತು ನಿಮ್ಮ ಮುಂದೆ ನಾವು ವಿಚಾರಣೆಗೆ ತಂದಿರುವದು ದೂರದ ಪೋಲಂಡ ದೇಶದ ಒಂದು ಹಳೆಯ ಮನೆಯ ವ್ಯಾಜ್ಯ. ಪಂಚರು ನೀವೇ.

ವಿಸ್ತುಲಾ ನದಿಯ ದಂಡೆಯ ಮೇಲೆ ತೊರೂನವೆಂಬ ಪಟ್ಟಣವುಂಟು. 1233ರಲ್ಲಿ ಟ್ಯೂಟಾನಿಕ ಧರ್ಮಯೋಧರು ಅದಕ್ಕೆ ಪಟ್ಟಣದ ಸನದನ್ನು ಕೊಟ್ಟರು. ಒಳನಾಡಿನ ಧಾನ್ಯವೂ ಮರವೂ ತಾಮ್ರವೂ ಆ ನದಿಯ ಮೇಲೆಯೇ ಬಾಲ್ಟಿಕ ಸಮುದ್ರಕ್ಕೆ ಇಳಿದುಹೋಗುತ್ತಿದ್ದವು. ಹಾನ್ಸಾ ಎಂಬ ಪ್ರಸಿದ್ಧ ವರ್ತಕಸಂಘದಲ್ಲಿ ಸೇರಿ ಆ ಊರು ಐಶ್ವರ್ಯವಂತವಾಯಿತು. ಆ ಬಯಲುಸೀಮೆಯಲ್ಲಿ ಕಟ್ಟಡಕ್ಕೆ ಯೋಗ್ಯವಾದ ಕಲ್ಲು ದುರ್ಲಭ. ಜೇಡಿಮಣ್ಣು ಮಾತ್ರ ಬೇಕಾದಷ್ಟು. ಆದಕಾರಣ ದೇವಾಲಯ, ಪುರಭವನ, ಕೋಟೆ, ಮನೆ ಎಲ್ಲವೂ ಕೆಂಪು ಇಟ್ಟಿಗೆಯಲ್ಲಿಯೇ ಎದ್ದವು. ಇಲ್ಲದ್ದಕ್ಕೆ ಅಳುತ್ತ ಕುಳಿತುಕೊಳ್ಳದೆ ಕಾಲ ಕೆಳಗಿನ ಮಣ್ಣನ್ನೇ ಸುಟ್ಟು ನಗರವನ್ನು ಕಟ್ಟಿಕೊಂಡ ಜನರವರು.

ನಾವು ಹೇಳುವ ಮನೆ ಆ ಊರಿನ ಒಂದು ಕಿರಿದಾದ ಬೀದಿಯಲ್ಲಿದೆ. ಇಂದು ಆ ಬೀದಿಗೆ ಕೋಪರ್ನಿಕಸನ ಹೆಸರು. ಪೂರ್ವದಲ್ಲಿ ಅದು ಸಂತ ಆನಳ ಬೀದಿ. ಮನೆಯ ಅಗಲ ಕಡಿಮೆ, ಎತ್ತರ ಬಹಳ. ಚೂಪಾದ ಕಮಾನಿನ ಗೂಡುಗಳುಳ್ಳ ಮುಮ್ಮುಖವು ಮೆಟ್ಟಿಲುಮೆಟ್ಟಿಲಾಗಿ ಮೇಲಕ್ಕೇರುವದು. ಇಂಥ ವರ್ತಕಗೃಹಗಳ ರಚನೆಯನ್ನು ಸ್ವಲ್ಪ ಲಕ್ಷ್ಯಗೊಟ್ಟು ಕೇಳಿರಿ. ಬಾಗಿಲೊಳಗೆ ಕಾಲಿಟ್ಟೊಡನೆ ಎತ್ತರವಾದ ದೊಡ್ಡ ಪಡಸಾಲೆ. ಗಿರಾಕಿಗಳ ಕೂಡ ಮಾತುಕತೆ, ತೂಕ, ಲೆಕ್ಕ ಎಲ್ಲ ಅಲ್ಲಿಯೇ. ಹಿಂದೆ ಕುಟುಂಬದ ವಾಸ. ಮೇಲಿನ ಅಂತಸ್ತುಗಳೆಲ್ಲ ಉಗ್ರಾಣ. ಸರಕಿನ ಮೂಟೆಗಳನ್ನು ಹಗ್ಗದಿಂದ ಮೇಲಕ್ಕೆ ಜಗ್ಗಿಕೊಳ್ಳುತ್ತಿದ್ದರು. ಅಂಗಡಿ, ಮನೆ, ಕಣಜ ಮೂರೂ ಒಂದೇ ಮಾಡಿನ ಕೆಳಗೆ. ಅಲ್ಲಿ ಬೆಳೆದ ಮಗು ಅಕ್ಷರದೊಡನೆಯೇ ಅಂಕಿಯನ್ನೂ ಕೇಳುತ್ತ ಬೆಳೆಯುತ್ತಿತ್ತು.

ಈ ಸ್ವತ್ತು 15ನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರಾಕೋ ನಗರದಿಂದ ಬಂದು ನೆಲಸಿದ ಒಬ್ಬ ತಾಮ್ರವ್ಯಾಪಾರಿಯ ಕೈಯಲ್ಲಿತ್ತು. ಅವನ ಹೆಸರು ನಿಕೋಲಸ. 1473ನೆಯ ಫೆಬ್ರುವರಿ 19ರಂದು ಅವನಿಗೆ ಹುಟ್ಟಿದ ಅದೇ ಹೆಸರಿನ ಮಗನೇ, ಭೂಮಿಯು ಸೂರ್ಯನ ಸುತ್ತ ತಿರುಗುವದೆಂದು 1543ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ ಕೋಪರ್ನಿಕಸ.

ವ್ಯಾಜ್ಯವಿರುವದು ಇಲ್ಲಿಯೇ. ಲೋಕವೆಲ್ಲ ಇದನ್ನು ಅವನ ಜನ್ಮಗೃಹವೆಂದು ಕೈಮುಗಿಯುತ್ತದೆ. ಆದರೆ ಅವನು ಹುಟ್ಟಿದ್ದು ಇಲ್ಲಿಯೋ, ಪೇಟೆಯ ಚೌಕದಲ್ಲಿ ಆ ಕುಟುಂಬಕ್ಕಿದ್ದ ಮನೆಯಲ್ಲಿಯೋ ಎಂಬ ಬಗ್ಗೆ ಪಂಡಿತರಲ್ಲಿ ಏಕಮತವಿಲ್ಲ. ನ್ಯಾಯಾಸನದ ಮುಂದೆ ನಿಂತರೆ, ಹುಟ್ಟಿದ ಕೋಣೆಯನ್ನು ತೋರಿಸಬಲ್ಲ ದಾಖಲೆ ನಮ್ಮಲ್ಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಹಾಗಾದರೆ ಮನೆಯ ಬೆಲೆ ಬಿದ್ದುಹೋಯಿತೇ?

ಎಳ್ಳಷ್ಟೂ ಇಲ್ಲವೆಂಬುದೇ ನಮ್ಮ ವಾದ. ಮಹಾಪುರುಷನು ಹುಟ್ಟಿದ ಕ್ಷಣವೊಂದೇ ಮನೆಗೆ ಬೆಲೆ ಕೊಡುವದಾದರೆ ಉಳಿದ ಗೋಡೆಗಳೆಲ್ಲ ಬರಿಯ ಮಣ್ಣೇ ಸರಿ. ಆದರೆ ಈ ಗೋಡೆಗಳು ತಾವೇ ಸಾಕ್ಷಿ ನುಡಿಯುತ್ತಿವೆ. ಆ ಹುಡುಗನ ತಾಯಿಯ ತಂದೆಯೂ ತೊರೂನದ ವರ್ತಕನೇ. ಧರ್ಮಯೋಧರ ದಬ್ಬಾಳಿಕೆಯ ಕಡುವಿರೋಧಿ. 1454ರಲ್ಲಿ ಆ ಊರಿನವರು ಬಂಡೆದ್ದು ಯೋಧರ ಕೋಟೆಯನ್ನು ಕೆಡವಿದರು. ಅದರ ಹಾಳುಗೋಡೆಗಳು ಇಂದಿಗೂ ನಿಂತಿವೆ. ಹದಿಮೂರು ವರ್ಷ ಯುದ್ಧ ನಡೆದು, 1466ರ ಒಪ್ಪಂದದಿಂದ ಪಟ್ಟಣವು ಪೋಲಂಡದ ಅರಸನ ಆಶ್ರಯಕ್ಕೆ ಬಂದಿತು. ತಕ್ಕಡಿ ಹಿಡಿಯುವ ಕೈ ಸ್ವಾತಂತ್ರ್ಯಕ್ಕೆ ಉಪಯೋಗವಿಲ್ಲವೆನ್ನುವವರು ಈ ಬೀದಿಯ ಕಥೆಯನ್ನು ಓದಲಿ. ಇನ್ನೊಂದು ಮಾತು: ಕೋಪರ್ನಿಕಸನು ನಕ್ಷತ್ರಗಳನ್ನಷ್ಟೇ ಎಣಿಸಲಿಲ್ಲ, ನಾಣ್ಯಗಳ ವಿಷಯವಾಗಿಯೂ ಪ್ರಬಂಧ ಬರೆದನು. ಕೀಳು ನಾಣ್ಯವು ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುವದೆಂದು 1526ರಷ್ಟು ಹಿಂದೆಯೇ ತೋರಿಸಿದನು. ಸಾಹುಕಾರನ ಪಡಸಾಲೆಯ ಬುದ್ಧಿ ಅದರಲ್ಲಿ ಕಾಣುವದಿಲ್ಲವೇ?

1793ರಲ್ಲಿ ಪೋಲಂಡವನ್ನು ನೆರೆಯ ಪ್ರಬಲರು ಹಂಚಿಕೊಂಡಾಗ ತೊರೂನವು ಪ್ರಶ್ಯದ ಪಾಲಾಯಿತು. 1920ರಲ್ಲಿ ಮರಳಿ ಪೋಲಂಡಕ್ಕೆ ಸೇರಿತು. 1939ರಲ್ಲಿ ಪುನಃ ಜರ್ಮನ ಸೈನ್ಯದ ವಶವಾಯಿತು. ಕೋಪರ್ನಿಕಸನು ನಮ್ಮವನೆಂದು ಜರ್ಮನರೂ, ನಮ್ಮವನೆಂದು ಪೋಲರೂ ಬಹುಕಾಲ ಜಗಳಾಡಿದರು. ಮನೆ ಮಾತ್ರ ತನ್ನ ಸ್ಥಳ ಬಿಟ್ಟು ಕದಲಲಿಲ್ಲ. ದೈವವಶಾತ್ ಆ ಮಹಾಯುದ್ಧದಲ್ಲಿ ಹಳೆಯ ಪೇಟೆಯು ಬಹುಮಟ್ಟಿಗೆ ಉಳಿಯಿತು. 20ನೆಯ ಶತಮಾನದಲ್ಲಿ ಜೀರ್ಣೋದ್ಧಾರವಾಗಿ, ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. 1997ರಲ್ಲಿ ಯುನೆಸ್ಕೋ ಸಂಸ್ಥೆಯು ತೊರೂನದ ಮಧ್ಯಯುಗೀನ ನಗರವನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿದಾಗ ಈ ಮನೆಯನ್ನೂ ಹೆಸರಿಸಿ ಹೇಳಿತು.

ಉಪಾಧ್ಯಾಯ ಬಂಧುಗಳೇ, ದೇಶಾಭಿಮಾನವು ದೊಡ್ಡ ಗುಣ. ಆದರೆ ಅದು ಸುಳ್ಳು ಸಾಕ್ಷಿಯನ್ನು ಬೇಡಬಾರದು. ‘ಇಲ್ಲಿಯೇ ಹುಟ್ಟಿದನು’ ಎಂದು ಆಣೆಯಿಡಬೇಕಾದ ಅಗತ್ಯವಿಲ್ಲ. ‘ಇದು ಅವನ ತಂದೆಯ ಮನೆ, ಇಂಥ ಮನೆಗಳಿಂದ ಇಂಥ ಮನುಷ್ಯರು ಹೊರಟರು’ ಎಂದು ಹೇಳಿದರೆ ಸಾಕು, ಅದು ಸತ್ಯ, ಅದರಲ್ಲಿಯೇ ಗೌರವವುಂಟು. ಮಕ್ಕಳಿಗೆ ಇತಿಹಾಸ ಹೇಳುವಾಗ ತಿಳಿದದ್ದನ್ನು ತಿಳಿದದ್ದೆಂದೂ, ಸಂಶಯವನ್ನು ಸಂಶಯವೆಂದೂ ಹೇಳಿರಿ. ಸಂಶಯದ ಮಾತು ಕೇಳಿದ ಮಾತ್ರಕ್ಕೆ ಹಳೆಯ ಗೋಡೆಗೆ ಗುದ್ದಲಿ ಹಾಕುವವರನ್ನು ಮಾತ್ರ ತಡೆಯಿರಿ. ಸಂಶಯವನ್ನು ನಾಳೆ ಯಾರಾದರೂ ಪರಿಹರಿಸಬಹುದು. ಕೆಡವಿದ ಸಾಕ್ಷಿಯನ್ನು ಯಾರೂ ಮರಳಿ ಕರೆತರಲಾರರು.

ಇಷ್ಟನ್ನು ವಿಜ್ಞಾಪಿಸಿ, ತೀರ್ಪನ್ನು ನಿಮಗೇ ಬಿಟ್ಟು ವಿರಮಿಸುವೆವು.