55 ರೂಪಾಯಿಯ ವೈನ್: ನನ್ನ ಎಕ್ಸೆಲ್ ಶೀಟ್ ಹೇಳದ ಖರ್ಚುಗಳು

ಇವತ್ತಿನ ವಿಷಯ, ಅಗ್ಗದ ಹಣ್ಣಿಂದ ಮನೆಯಲ್ಲೇ ಮಾಡೋ ವೈನ್. 21 ದಾಟದವರು ಇದನ್ನ ಕೆಮಿಸ್ಟ್ರಿ ಪಾಠ ಅಂದ್ಕೊಂಡು ಕೇಳಿ. ದಾಟಿದವರು ದಯವಿಟ್ಟು ಪೂರ್ತಿ ಕೇಳಿ, ಅರ್ಧಕ್ಕೇ ನಿಲ್ಲಿಸಿ ದ್ರಾಕ್ಷಿ ತರೋಕೆ ಹೋಗ್ಬೇಡಿ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಬೀದಿ ಕೊನೆಯಲ್ಲಿ ಒಬ್ಬ ಅಜ್ಜ ತಳ್ಳುಗಾಡಿಯಲ್ಲಿ ಕಪ್ಪು ದ್ರಾಕ್ಷಿ ಮಾರ್ತಾರೆ. ಬೆಳಗ್ಗೆ ಕಿಲೋಗೆ 60 ಹೇಳಿದ್ದನ್ನ ರಾತ್ರಿ ಒಂಬತ್ತಕ್ಕೆ 30ಕ್ಕೆ ಇಳಿಸಿದ್ರು. 'ತಗೊಂಡೋಗಪ್ಪಾ, ನಾಳೆಗೆ ಇದು ನಿಲ್ಲಲ್ಲ' ಅಂದ್ರು. ಅದು ಬೆಂಗಳೂರು ನೀಲಿ ದ್ರಾಕ್ಷಿ. ದಪ್ಪ ಸಿಪ್ಪೆ, ಒಳಗೆ ಬೀಜ, ಗಾಡಿಯಿಂದ ನಾಲ್ಕು ಹೆಜ್ಜೆ ದೂರಕ್ಕೇ ಘಮ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆ ಬೆಳೆಯೋ ಈ ಹಣ್ಣಿಗೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಜ್ಯೂಸ್‌ಗೂ ವೈನ್‌ಗೂ ಹೋಗೋದು ಇದೇ.

ನಾನು ಬಿಕಾಂ. ಮೊದಲು ತೆರೆದಿದ್ದು ಎಕ್ಸೆಲ್. ಐದು ಕಿಲೋ ದ್ರಾಕ್ಷಿ 150, ಒಂದು ಕಿಲೋ ಸಕ್ಕರೆ 50, ಯೀಸ್ಟ್ 20. ಒಟ್ಟು 220. ನಾಲ್ಕು ಬಾಟಲಿ ಬಂದ್ರೆ ಒಂದಕ್ಕೆ 55 ರೂಪಾಯಿ. ಕ್ರಿಸ್ಮಸ್ ಟೈಮಲ್ಲಿ 300ಕ್ಕೆ ಮಾರಿದ್ರೆ? ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ವಿಷಯ ಸರಳ. ದ್ರಾಕ್ಷಿ ಹಿಸುಕಿ, ಸಕ್ಕರೆ, ಯೀಸ್ಟ್ ಹಾಕಿದ್ರೆ ಯೀಸ್ಟ್ ಸಕ್ಕರೆಯನ್ನ ತಿಂದು ಎರಡು ವಸ್ತು ಕೊಡುತ್ತೆ: ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್. ಲೀಟರ್‌ಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿ ಹುದುಗಿದ್ರೆ ಶೇಕಡಾ 1ರಷ್ಟು ಆಲ್ಕೋಹಾಲ್. ನಾನು ಆಲ್ಕೋಹಾಲ್ ಲೆಕ್ಕ ಹಾಕ್ದೆ, ಗ್ಯಾಸ್ ಲೆಕ್ಕ ಬಿಟ್ಟೆ.

ಉಪ್ಪಿನಕಾಯಿ ಹಾಕೋ ಬುದ್ಧಿಯಲ್ಲಿ ಗಾಜಿನ ಜಾಡಿಗೆ ಕತ್ತಿನವರೆಗೂ ತುಂಬಿ ಮುಚ್ಚಳ ಬಿಗಿ ಮಾಡ್ದೆ. ಮೂರನೇ ರಾತ್ರಿ ಢಂ ಅಂತು. ಅಡುಗೆಮನೆ ಗೋಡೆ ಪೂರ್ತಿ ನೇರಳೆ, ನೆಲದ ತುಂಬಾ ಗಾಜು. ಆ ಹೊತ್ತಲ್ಲಿ ನಾನು ಅಲ್ಲಿ ನಿಂತಿದ್ರೆ ಕಣ್ಣಿಗೆ ಏನಾಗ್ತಿತ್ತೋ. ಓನರ್ ಆಂಟಿ ಏನೂ ಬೈಲಿಲ್ಲ. ಮನೆ ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ 4,000 ಹಿಡ್ಕೊಂಡ್ರು, ಅಷ್ಟೇ.

ಎರಡನೇ ಸಲ ಜಾಡಿಯಲ್ಲಿ ಜಾಗ ಬಿಟ್ಟೆ, ಬಟ್ಟೆ ಕಟ್ದೆ. ಆದ್ರೆ ವಾರಗಟ್ಟಲೆ ಬಟ್ಟೆಯಲ್ಲೇ ಬಿಟ್ಟೆ. ಮೊದಲ ಕೆಲವು ದಿನ ಗಾಳಿ ಪರವಾಗಿಲ್ಲ. ಹುದುಗು ತಣ್ಣಗಾದ ಮೇಲೆ ಗಾಳಿ ಸೋಕಿದ್ರೆ ಬ್ಯಾಕ್ಟೀರಿಯಾ ಆಲ್ಕೋಹಾಲನ್ನ ವಿನೆಗರ್ ಮಾಡುತ್ತೆ. ಸಣ್ಣ ನೊಣಗಳೂ ಬಂದವು. ಜೊತೆಗೆ, ಅಗ್ಗ ಅಂತ ಬೂಷ್ಟು ಹಿಡಿದ ಹಣ್ಣನ್ನೂ ಆರಿಸದೆ ಹಾಕಿದ್ದೆ. ಚೆನ್ನಾಗಿ ಮಾಗಿದ್ದು ಬೇರೆ, ಕೊಳೆತಿದ್ದು ಬೇರೆ. ಅದಷ್ಟೂ ಸಿಂಕ್‌ಗೆ ಹೋಯ್ತು.

ಮೂರನೇ ಸಲ ಸರಿಯಾಯ್ತು. ಪಾತ್ರೆಗಳನ್ನ ಕುದಿಯೋ ನೀರಲ್ಲಿ ತೊಳೆದೆ, ಹಣ್ಣು ಒಂದೊಂದೇ ಆರಿಸಿದೆ. ಸೋಸಿದ ಮೇಲೆ ಗ್ಯಾಸ್ ಹೊರಗೆ ಹೋಗಿ ಗಾಳಿ ಒಳಗೆ ಬರದ ಹಾಗೆ ಪೈಪಿನ ತುದಿಯನ್ನ ನೀರಲ್ಲಿ ಮುಳುಗಿಸಿಟ್ಟೆ. ಮಂಗಳೂರಿನ ಗೆಳೆಯನ ಅಮ್ಮ ರುಚಿ ನೋಡಿ, 'ಪರವಾಗಿಲ್ಲ ಮಾರಾಯ, ಇನ್ನು ಎರಡು ತಿಂಗಳು ಮುಟ್ಬೇಡ' ಅಂದ್ರು.

ನಾನು ಮುಟ್ಟಲಿಲ್ಲ. ಬದಲಿಗೆ ರೇಟ್ ಹಾಕಿ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿಟ್ಟೆ. ಐದು ನಿಮಿಷಕ್ಕೆ ಸಿಎ ಓದ್ತಿದ್ದ ಕಾಲೇಜ್ ಸೀನಿಯರ್ ಫೋನ್. 'ಲಾಭ ಆಮೇಲೆ ಲೆಕ್ಕ ಹಾಕು, ಮೊದಲು ಅಬಕಾರಿ ಕಾಯ್ದೆ ಓದು!'

ಓದಿದೆ. ಕರ್ನಾಟಕ ಅಬಕಾರಿ ಕಾಯ್ದೆ, 1965. ಪರವಾನಗಿ ಇಲ್ಲದೆ ಮದ್ಯ ಮಾರೋದು ಮಾತ್ರ ಅಲ್ಲ, ತಯಾರಿಸೋದೂ ಅಪರಾಧ. ಜೈಲು, ದಂಡ ಎರಡೂ ಇದೆ. ಹಣ್ಣಿಂದ ಮಾಡಿದ್ದು, ಮನೆಯಲ್ಲಿ ಮಾಡಿದ್ದು ಅಂದ್ರೂ ವೈನ್ ಮದ್ಯವೇ. ರಾಜ್ಯದಲ್ಲಿ 2007ರಿಂದ ವೈನ್ ನೀತಿ ಇದೆ ನಿಜ, ಆದ್ರೆ ಅದು ಲೈಸೆನ್ಸ್ ಇರೋ ವೈನರಿಗಳಿಗೆ. ಕೊಡಗಿಗೆ ಟ್ರಿಪ್ ಹೋದಾಗ 'ಹೋಮ್‌ಮೇಡ್ ವೈನ್' ಬೋರ್ಡ್ ನೋಡಿರ್ತೀರಿ. ಬೋರ್ಡ್ ಇದೆ ಅಂದ ಮಾತ್ರಕ್ಕೆ ಲೈಸೆನ್ಸ್ ಇದೆ ಅಂತಲ್ಲ. ಬಾಟಲಿ ಮೇಲೆ ಲೇಬಲ್ ಇದೆಯಾ ನೋಡಿ.

ಪೋಸ್ಟ್ ಡಿಲೀಟ್ ಮಾಡ್ದೆ. ಆಮೇಲೆ ಮತ್ತೆ ಮಾಡಿಲ್ಲ. ಇನ್ನೊಂದು ಮಾತು, ಇದನ್ನ ಕಾಯಿಸಿ ಭಟ್ಟಿ ಇಳಿಸೋ ಯೋಚನೆಯನ್ನಂತೂ ಯಾರೂ ಮಾಡ್ಬೇಡಿ. ಅದರಲ್ಲಿ ಬೆಂಕಿ, ವಿಷ ಎರಡರ ಅಪಾಯವೂ ಇದೆ.

ಮೊನ್ನೆ ಆ ಹಳೇ ಶೀಟ್ ತೆರೆದೆ. ಜಾಡಿ, ಪೇಂಟಿಂಗ್, ಹಾಳಾದ ಹತ್ತು ಕಿಲೋ ಹಣ್ಣು ಎಲ್ಲ ಸೇರಿಸಿದ್ರೆ ಒಂದು ಬಾಟಲಿಗೆ ಸಾವಿರ ರೂಪಾಯಿ ದಾಟುತ್ತೆ. ಜೈಲಿಗೆ ಯಾವ ಕಾಲಂ ಹಾಕೋದು? ಇನ್ನೊಂದು ಕಾಲಂ ಕೂಡ ಕಾಣಲಿಲ್ಲ. ನಾನು ಖುಷಿಯಿಂದ ಬರೆದ 150 ರೂಪಾಯಿ, ಆ ಅಜ್ಜ ಬೆಳಗ್ಗೆ 300ಕ್ಕೆ ಮಾರಬೇಕಿದ್ದ ಹಣ್ಣು.

ಈಗಲೂ ಅವರ ಹತ್ರ ಹೋಗ್ತೀನಿ, ಆದ್ರೆ ಬೆಳಗ್ಗೆ, ಬೆಳಗಿನ ರೇಟಿಗೆ. ದ್ರಾಕ್ಷಿಯನ್ನ ಸ್ವಲ್ಪ ನೀರಲ್ಲಿ ಬೇಯಿಸಿ, ಸೋಸಿ, ಸಕ್ಕರೆ ಹಾಕಿ ಫ್ರಿಜ್ಜಲ್ಲಿಟ್ರೆ ಒಳ್ಳೇ ಜ್ಯೂಸ್. ಬಣ್ಣ ಅದೇ, ಘಮ ಅದೇ. ಎರಡೇ ದಿನಕ್ಕೆ ಖಾಲಿ ಮಾಡಿ, ಜಾಸ್ತಿ ದಿನ ಮರೆತ್ರೆ ಏನಾಗುತ್ತೆ ಅಂತ ಈಗ ನಿಮಗೂ ಗೊತ್ತು.

ನಿಮ್ಮನೇಲೂ ಇಂಥ ಜಾಡಿ ಕಥೆ ಇದ್ರೆ ವಾಯ್ಸ್ ನೋಟ್ ಕಳ್ಸಿ.