ಹಳೇ ಕಾರಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕ್ಸೋ ಮುಂಚೆ ಕರೆಂಟಿನ ಲೆಕ್ಕ ನೋಡಿ

ಸಕಲೇಶಪುರದಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಅವರ ಹತ್ತಿರ ಹಳೇ ಮರ್ಸಿಡಿಸ್ ಇದೆ, ಡಬ್ಲ್ಯೂ123, ಡೀಸೆಲ್. 'ಕ್ಲಚ್ ಫ್ಯಾನ್ ಕಿತ್ತಾಕಿ ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ರೆ ಹೀಟ್ ಆಗೋದು ನಿಂತೋಗುತ್ತಂತೆ, ಹೌದಾ?' ಅಂತ ಕೇಳಿದ್ದಾರೆ. ನಾಲ್ಕು ತಿಂಗಳ ಹಿಂದೆ ನಮ್ಮ ಸೋದರಮಾವನ ಕಾರಿಗೆ ಇದೇ ಕೆಲಸ ಮಾಡಿಸಿದೀವಿ. ಅದೂ ಡಬ್ಲ್ಯೂ123, 300ಡಿ. ಮಾವನ ಕಾರಿಗೆ ಅದು ಸರಿಹೋಯ್ತು. ಆದರೆ ಸಕಲೇಶಪುರದ ಸರ್, ನಿಮಗೆ ನನ್ನ ಉತ್ತರ ಬೇಡ ಅಂತಲೇ. ಒಂದೇ ಮಾಡೆಲ್ ಕಾರಿಗೆ ಎರಡು ಉತ್ತರ ಹೇಗೆ ಅಂತ ಇವತ್ತು ಹೇಳ್ತೀನಿ.

ಮೊದಲು ಈ ಕ್ಲಚ್ ಫ್ಯಾನ್ ಅಂದ್ರೇನು? ರೇಡಿಯೇಟರ್ ಹಿಂದೆ ಇರುವ ದೊಡ್ಡ ಫ್ಯಾನು ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತೆ. ಮಧ್ಯದಲ್ಲಿ ಒಂದು ಡಬ್ಬಿ ಇರುತ್ತೆ, ಅದರೊಳಗೆ ಗಟ್ಟಿ ಸಿಲಿಕೋನ್ ಎಣ್ಣೆ. ಡಬ್ಬಿಯ ಮುಂದೆ ಒಂದು ಸಣ್ಣ ಲೋಹದ ಸುರುಳಿ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಆ ಸುರುಳಿ ಬಾಗಿ ಒಂದು ಕಿಂಡಿ ತೆರೆಯುತ್ತೆ, ಎಣ್ಣೆ ಒಳಕ್ಕೆ ಹರಿಯುತ್ತೆ, ಫ್ಯಾನು ಹಿಡಿತಕ್ಕೆ ಬರುತ್ತೆ. ತಣ್ಣಗಾದರೆ ಬಿಟ್ಟುಕೊಡುತ್ತೆ. ವೈರ್ ಇಲ್ಲ, ಸ್ವಿಚ್ ಇಲ್ಲ, ಫ್ಯೂಸ್ ಇಲ್ಲ. ನನಗಂತೂ ನೋಡಿ ಭಾರಿ ಖುಷಿಯಾಗಿತ್ತು.

ತೊಂದರೆ ಎಲ್ಲಿ ಅಂದ್ರೆ, ಎಷ್ಟೇ ಹಿಡಿತಕ್ಕೆ ಬಂದರೂ ಈ ಫ್ಯಾನಿನ ವೇಗ ಇಂಜಿನ್ ವೇಗಕ್ಕೇ ಕಟ್ಟುಬಿದ್ದಿದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇಂಜಿನ್ನು 700-750 ಸುತ್ತಿನಲ್ಲಿ ಗುರುಗುಡ್ತಾ ನಿಂತಿರುತ್ತೆ. ಎದುರುಗಾಳಿ ಇಲ್ಲ, ಫ್ಯಾನೂ ನಿಧಾನ, ಮೇಲೆ ಎಸಿ ಬೇರೆ. ಮಾವನ ಕಾರಿನ ಮುಳ್ಳು 105 ದಾಟ್ತಿತ್ತು. ಅದೇ ಶಿರಾಡಿ ಘಾಟಿಯಲ್ಲಿ ಎರಡನೇ ಗೇರಲ್ಲಿ ಹತ್ತುವಾಗ ಇಂಜಿನ್ನು 3000 ಸುತ್ತಿನಲ್ಲಿರುತ್ತೆ, ಫ್ಯಾನೂ ಅದಕ್ಕೆ ತಕ್ಕ ಹಾಗೆ ಗಾಳಿ ಎಳೆಯುತ್ತೆ. ಇಂಜಿನ್ನು ಹೆಚ್ಚು ದುಡಿಯುವ ಹೊತ್ತಿಗೇ ಫ್ಯಾನೂ ಹೆಚ್ಚು ದುಡಿಯುತ್ತೆ. ಎಲೆಕ್ಟ್ರಿಕ್ ಫ್ಯಾನಿನ ಕಥೆ ಬೇರೆ. ಅದು ಸಿಗ್ನಲ್ಲಿನಲ್ಲೂ ಘಾಟಿಯಲ್ಲೂ ಒಂದೇ ವೇಗ. ಸಿಗ್ನಲ್ಲಿನಲ್ಲಿ ಅದು ಗೆಲ್ಲುತ್ತೆ, ಘಾಟಿಯಲ್ಲಿ ಹಳೇ ಫ್ಯಾನೇ ಮೇಲು. ಹೈವೇಯಲ್ಲಿ 60-70 ದಾಟಿದ ಮೇಲೆ ಎದುರುಗಾಳಿಯೇ ಸಾಕಾಗುವುದರಿಂದ ಎರಡಕ್ಕೂ ಹೆಚ್ಚು ಕೆಲಸ ಇಲ್ಲ.

ಮಾವನಿಗೆ 71 ವರ್ಷ. ಮನೇಲಿ ಎಲ್ಲರೂ 'ಮಾರಿಬಿಡಿ, ಎಲ್ಲಾದರೂ ನಡುರಸ್ತೆಯಲ್ಲಿ ನಿಂತರೆ ಏನ್ ಮಾಡ್ತೀರಿ' ಅಂತ ಹಿಂದೆ ಬಿದ್ದಿದ್ರು. ಇದು ಸರಿಹೋಗದಿದ್ರೆ ಕಾರು ಹೋಗ್ತಿತ್ತು, ಅಷ್ಟೇ. ಒಂದು ಗ್ಯಾರೇಜಿನವರು ಕಾರಿನ ಬಾನೆಟ್ ತೆಗೆಯೋಕೂ ಮುಂಚೆ 'ಎಲೆಕ್ಟ್ರಿಕ್ ಫ್ಯಾನ್ ಹಾಕ್ಬಿಡೋಣ ಸಾರ್' ಅಂದಿದ್ರು. ಮಾವ ನನಗೆ ಫೋನ್ ಮಾಡಿ, 'ಲೆಕ್ಕ ಓದಿದೋಳು ನೀನು, ಇದು ಲಾಭಾನಾ ನಷ್ಟಾನಾ ನೋಡ್ ಹೇಳೇ' ಅಂದ್ರು.

ಹೀಟ್ ಆಗುವ ಕಾರಿಗೆಲ್ಲ ಫ್ಯಾನೇ ಕಾರಣ ಆಗಿರೋದಿಲ್ಲ. ಹಾಗಾಗಿ ನಾವು ಮೊದಲು ಮಾಡಿಸಿದ್ದು ಕ್ಲೀನಿಂಗ್. ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ವರ್ಷಗಟ್ಟಲೆಯ ಧೂಳು, ಹುಳ, ಒಣಗಿದ ಎಲೆ. ಒಳಗೆ ಬರೀ ನಲ್ಲಿ ನೀರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಅದನ್ನ ತಡೆದು ಹಿಡಿಯೋದು ರೇಡಿಯೇಟರ್ ಮುಚ್ಚಳದ ಒತ್ತಡ ಮತ್ತು ಕೂಲಂಟ್. ಆ ಮುಚ್ಚಳದ ರಬ್ಬರು ಸತ್ತಿತ್ತು. ಥರ್ಮೋಸ್ಟಾಟ್ ಹೊಸದು ಹಾಕಿ, ಅರ್ಧಕ್ಕರ್ಧ ಕೂಲಂಟ್ ತುಂಬಿಸಿದ ಮೇಲೆ ಹೈವೇಯಲ್ಲಿ ಮುಳ್ಳು 85ರಲ್ಲೇ ನಿಂತಿತು. ಟ್ರಾಫಿಕ್‌ನಲ್ಲಿ ಮಾತ್ರ ಮತ್ತೆ ಏರ್ತಿತ್ತು. ಬಿಸಿ ಇಂಜಿನ್ ಆಫ್ ಮಾಡಿ ಫ್ಯಾನ್ ಕೈಯಲ್ಲಿ ತಿರುಗಿಸಿದರೆ ತಡೆ ಸಿಗಬೇಕು. ಇದು ಗಿರಗಿಟ್ಲೆ ಥರ ಸುತ್ತಿತು. ಡಬ್ಬಿಯಿಂದ ಎಣ್ಣೆ ಸೋರಿ ಕಪ್ಪು ಗೆರೆ ಕಟ್ಟಿತ್ತು. 40 ವರ್ಷ ದುಡಿದಿದೆ, ಕಂಪನಿಯನ್ನ ಬೈಯುವ ಹಾಗಿಲ್ಲ. (ಇಂಜಿನ್ ಓಡ್ತಿರುವಾಗ ಪೇಪರ್ ಸುರುಳಿ ಒಡ್ಡಿ ಫ್ಯಾನ್ ನಿಲ್ಲಿಸಿ ನೋಡುವ ವಿಡಿಯೋಗಳಿವೆ. ದಯವಿಟ್ಟು ಮಾಡಬೇಡಿ, ಬೆರಳು ಹೋಗುತ್ತೆ.)

ಹೊಸ ಕ್ಲಚ್ಚೋ, ಎಲೆಕ್ಟ್ರಿಕ್ ಫ್ಯಾನೋ? ಇಲ್ಲಿ ನನಗೆ ನಿಜವಾಗಿ ಹೆದರಿಕೆ ಆದ ವಿಷಯ ಇದೆ. ಈ ಹಳೇ ಡೀಸೆಲ್ ಇಂಜಿನ್ನಿಗೆ ಸ್ಟಾರ್ಟ್ ಆಗೋಕೆ ಮಾತ್ರ ಕರೆಂಟು ಬೇಕು. ಆಮೇಲೆ ಪಂಪು ಯಾಂತ್ರಿಕ, ಆಫ್ ಮಾಡೋದೂ ವ್ಯಾಕ್ಯೂಮ್‌ನಿಂದ. ಆಲ್ಟರ್ನೇಟರ್ ಸತ್ತರೂ ಹಗಲು ಹೊತ್ತು ಮನೆಗೆ ಬರಬಹುದು. ಎಲೆಕ್ಟ್ರಿಕ್ ಫ್ಯಾನ್ ಹಾಕಿದ ದಿನದಿಂದ ಒಂದು ಫ್ಯೂಸ್ ಹೋದರೂ ಸಿಗ್ನಲ್ಲಿನಲ್ಲಿ ಇಂಜಿನ್ ಕುದಿಯೋಕೆ ಶುರು. ಕರೆಂಟಿನ ಹಂಗಿಲ್ಲದೆ ಓಡುವ ಇಂಜಿನ್ನನ್ನ ನಾವೇ ಕೈಯಾರೆ ಕರೆಂಟಿನ ಹಂಗಿಗೆ ಹಾಕ್ತೀವಿ. ಹಾಗಾಗಿ ಖರ್ಚು ಮಾಡಬೇಕಾದ್ದು ಫ್ಯಾನಿಗಿಂತ ಹೆಚ್ಚಾಗಿ ವೈರಿಂಗ್ ಮೇಲೆ.

ಲೆಕ್ಕ ಕೇಳಿ. ಆಲ್ಟರ್ನೇಟರ್ ಅಂದ್ರೆ ತಿಂಗಳ ಸಂಬಳ, ಬ್ಯಾಟರಿ ಅಂದ್ರೆ ಉಳಿತಾಯ ಖಾತೆ. ಮಾವನ ಕಾರಿನದು 55 ಆಂಪಿಯರ್ ಆಲ್ಟರ್ನೇಟರ್. 55 ಅನ್ನೋದು ಇಂಜಿನ್ ಜೋರಾಗಿ ತಿರುಗುವಾಗ. ಸಿಗ್ನಲ್ಲಿನಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ 28 ಬಂತು. ಖರ್ಚು? ಹೆಡ್‌ಲೈಟು, ಹಿಂದಿನ ಲೈಟು ಸೇರಿ 12. ಎಸಿ ಬ್ಲೋವರ್ 11. ಕಂಪ್ರೆಸರ್ ಕ್ಲಚ್ 4. ವೈಪರ್ 4. ಒಟ್ಟು 31. ರಾತ್ರಿ ಮಳೆಯಲ್ಲಿ ಆಗಲೇ ಮೂರು ಆಂಪ್ ಸಾಲ! ಇದರ ಮೇಲೆ ಫ್ಯಾನಿನ 20 ಆಂಪ್ ಹೇರಿದರೆ ಗಂಟೆಗೆ 23 ಆಂಪ್-ಅವರ್ ಉಳಿತಾಯದಿಂದ ಹೋಗುತ್ತೆ. ಔಟರ್ ರಿಂಗ್ ರೋಡಲ್ಲಿ ಒಂದೂವರೆ ಗಂಟೆ ಸಿಕ್ಕಿಹಾಕಿಕೊಂಡರೆ ಬ್ಯಾಟರಿ ಎಷ್ಟು ಉಳಿಯುತ್ತೆ ನೀವೇ ಹಾಕಿ ನೋಡಿ. ಡೀಸೆಲ್ ಸ್ಟಾರ್ಟ್ ಮಾಡೋಕೆ ಗ್ಲೋ ಪ್ಲಗ್ಗು, ಸ್ಟಾರ್ಟರು ಎರಡೂ ಜೋರು ಕರೆಂಟು ತಿನ್ನುತ್ತವೆ.

ಅದಕ್ಕೇ 90 ಆಂಪಿನ ಆಲ್ಟರ್ನೇಟರ್ ಹಾಕಿಸಿ, ಅಲ್ಲಿಂದ ಬ್ಯಾಟರಿಗೆ ಹೋಗುವ ಕೇಬಲ್ಲನ್ನೂ ದಪ್ಪದ್ದಕ್ಕೆ ಬದಲಾಯಿಸಿದೆವು. ಒಟ್ಟು ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದು ಇದಕ್ಕೇ. ಗ್ಯಾರೇಜಿನ ಮೊದಲ ಕೊಟೇಶನ್ನಿನಲ್ಲಿ ಈ ಸಾಲೇ ಇರಲಿಲ್ಲ.

ಫ್ಯಾನ್ ಸಿಕ್ಕಿದ್ದು ಜೆ.ಸಿ. ರೋಡಲ್ಲಿ, 16 ಇಂಚಿನದು. ಮಾರುತಿ 800ರ ಫ್ಯಾನ್ ಅಗ್ಗಕ್ಕೆ ಸಿಗುತ್ತೆ, ಆದರೆ ಅದು 800 ಸಿಸಿಗೆ ಮಾಡಿದ್ದು, ಇದು ಮೂರು ಲೀಟರ್ ಇಂಜಿನ್. ರೇಡಿಯೇಟರ್ ಹಿಂದೆ ಕೂತು ಎಳೆಯುವ ಫ್ಯಾನೇ ಬೇಕು, ಸುತ್ತ ಶ್ರೌಡ್ ಬೇಕೇ ಬೇಕು. ಶ್ರೌಡ್ ಇಲ್ಲದಿದ್ರೆ ಫ್ಯಾನಿನ ವೃತ್ತದಷ್ಟು ಜಾಗದಲ್ಲಿ ಮಾತ್ರ ಗಾಳಿ ಹೋಗುತ್ತೆ, ಮೂಲೆಗಳು ಸುಮ್ಮನೆ ಬಿಸಿ ಕೂರ್ತವೆ. ನಮ್ಮದಕ್ಕೆ ಅಲ್ಯೂಮಿನಿಯಂ ಶೀಟಿನಲ್ಲಿ ಮಾಡಿಸಿದ್ದು. ರೇಡಿಯೇಟರ್ ಜಾಲರಿಯೊಳಗಿಂದ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟೋರಿದ್ದಾರೆ. ಅಲುಗಾಡಿ ಅಲುಗಾಡಿ ಟ್ಯೂಬ್ ತೂತಾಗುತ್ತೆ, ಬಿಡಬೇಡಿ.

ವೈರಿಂಗ್ ಮಾಡಿಕೊಟ್ಟ ಆಟೋ ಎಲೆಕ್ಟ್ರಿಷಿಯನ್ ಅಣ್ಣ ಹುಷಾರು. ಬ್ಯಾಟರಿ ಪಕ್ಕದಲ್ಲೇ 30 ಆಂಪ್ ಫ್ಯೂಸು, 40 ಆಂಪ್ ರಿಲೇ, ದಪ್ಪ ವೈರು, ಬಣ್ಣ ಕೆರೆದು ಹಾಕಿದ ಅರ್ಥ್. ಟೆಂಪರೇಚರ್ ಸ್ವಿಚ್ 92ಕ್ಕೆ ಆನ್, 87ಕ್ಕೆ ಆಫ್. ಥರ್ಮೋಸ್ಟಾಟ್ ತೆರೆಯೋದು 80ಕ್ಕೆ, ಸ್ವಿಚ್ ಅದಕ್ಕಿಂತ ಕೆಳಗಿದ್ರೆ ಫ್ಯಾನ್ ನಿಲ್ಲೋದೇ ಇಲ್ಲ. ಎಸಿ ಹಾಕಿದರೂ ಫ್ಯಾನ್ ಆನ್ ಆಗುತ್ತೆ. ನಾನು ಹಟ ಹಿಡಿದು ಹಾಕಿಸಿದ್ದು ಡ್ಯಾಶ್‌ಬೋರ್ಡಿನಲ್ಲಿ ಎರಡು ಸಾಮಾನು: ಫ್ಯಾನಿಗೆ ಕರೆಂಟು ಹೋಗ್ತಿದ್ರೆ ಉರಿಯುವ ಸಣ್ಣ ಲೈಟು, ಸ್ವಿಚ್ ಕೈಕೊಟ್ಟರೆ ನಾವೇ ಆನ್ ಮಾಡೋಕೆ ಒಂದು ಬಟನ್. ಮಾವನ ಕಣ್ಣಿಗೆ ಕಾಣುವ ಹಾಗೆ ಸ್ಟೀರಿಂಗ್ ಎಡಕ್ಕೆ.

ಈಗ ಸಿಲ್ಕ್ ಬೋರ್ಡಲ್ಲಿ ಮಧ್ಯಾಹ್ನ ಎಸಿ ಹಾಕ್ಕೊಂಡು ನಿಂತರೂ ಮುಳ್ಳು 95 ದಾಟಿಲ್ಲ. ಮೈಲೇಜ್ ಹೆಚ್ಚುತ್ತೆ ಅಂತ ಗ್ಯಾರೇಜಿನವರು ಹೇಳಿದ್ದು ನಿಜ ಆಗ್ಲಿಲ್ಲ. ಮಾವ ಡೀಸೆಲ್ ಹಾಕಿಸಿದ್ದೆಲ್ಲ ಡೈರಿಯಲ್ಲಿ ಬರೀತಾರೆ, ವ್ಯತ್ಯಾಸ ಕಾಣ್ತಿಲ್ಲ. ಆಲ್ಟರ್ನೇಟರ್ ತಿರುಗಿಸೋದೂ ಇಂಜಿನ್ನೇ ಅಲ್ವಾ?

50 ವರ್ಷ ದಾಟಿದ ಕಾರಿರೋರು ಒಂದು ಮಾತು ನೆನಪಿಡಿ. 2021ರ ವಿಂಟೇಜ್ ವಾಹನ ನಿಯಮದಲ್ಲಿ ಕಾರು ಮೂಲ ರೂಪದಲ್ಲಿರಬೇಕು ಅಂತಿದೆ. ಬಾಡಿ ಕೊರೆಯದೆ, ಮತ್ತೆ ಹಳೇದಕ್ಕೆ ತರುವ ಹಾಗೆ ಮಾತ್ರ ಮಾಡಿಸಿ. ಮಾವನ ಹಳೇ ಫ್ಯಾನು, ಶ್ರೌಡು, ಬೋಲ್ಟು ಸಮೇತ ಅಟ್ಟದ ಮೇಲೆ ರಟ್ಟಿನ ಡಬ್ಬದಲ್ಲಿವೆ.

ಇನ್ನು ಸಕಲೇಶಪುರದ ಸರ್, ನಿಮ್ಮ ಕಾರು ದಿನಾ ಏರು ಹತ್ತೋದು, ಸಿಗ್ನಲ್ಲಲ್ಲಿ ನಿಲ್ಲೋದಲ್ಲ. ರೇಡಿಯೇಟರ್ ಹೊರಗೂ ಒಳಗೂ ತೊಳೆಸಿ, ಮುಚ್ಚಳ ಬದಲಾಯಿಸಿ, ಶ್ರೌಡ್ ಒಡೆದಿದೆಯಾ ನೋಡಿ. ಆಮೇಲೂ ಹೀಟ್ ಆದ್ರೆ ಹೊಸ ಫ್ಯಾನ್ ಕ್ಲಚ್ ಹಾಕ್ಸಿ. ಕೈಯಲ್ಲಿ ತಿರುಗಿಸಿದಾಗ ತಡೆ ಇತ್ತಾ ಇಲ್ವಾ ಅನ್ನೋದನ್ನ ಇನ್ನೊಂದು ವಾಯ್ಸ್ ನೋಟಲ್ಲಿ ಹೇಳಿ, ಅಲ್ಲಿಂದ ಮುಂದೆ ನೋಡೋಣ.