ಹವಳದೊಳಗಿನ ಹುಳುಗಳು

ಹವಳದ ದಿಬ್ಬ ಎಂದೊಡನೆ ನಮಗೆ ನೆನಪಾಗುವುದು ಬಣ್ಣದ ಮೀನುಗಳು. ಇವತ್ತು ನಾನು ಅಲ್ಲಿನ ಹುಳುಗಳ ಪರವಾಗಿ ಮಾತಾಡಲು ಬಂದಿದ್ದೇನೆ. ಆಸ್ಟ್ರೇಲಿಯದ ಹೆರಾನ್ ದ್ವೀಪದ ಒಂದೇ ಒಂದು ಹವಳದ ಗೊಂಚಲನ್ನು ಗ್ರಾಸ್ಲ್ ಎಂಬ ವಿಜ್ಞಾನಿ ಬಿಡಿಸಿ ಎಣಿಸಿದರು. 1973ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ 103 ಜಾತಿಯ 1,441 ಹುಳುಗಳಿದ್ದವು!

ಇಂಥ ಹುಳುಗಳಲ್ಲಿ ಹೆಚ್ಚಿನವು ಬಿರುಕಿನಲ್ಲೋ ಬಿಲದಲ್ಲೋ ಅಡಗಿರುತ್ತವೆ. ಎದ್ದು ಕಾಣುವುದು ಕ್ರಿಸ್‌ಮಸ್ ಟ್ರೀ ಹುಳು. ಗುಂಡುಕಲ್ಲಿನಂತೆ ಬೆಳೆಯುವ ಪೊರೈಟಿಸ್ ಹವಳದ ಮೇಲೆ ನೀಲಿ, ಹಳದಿ, ಕೆಂಪು ಗರಿಗಳ ಪುಟ್ಟ ಜೋಡಿಗೋಪುರ. ನೆರಳು ಬಿದ್ದರೆ ಸಾಕು, ರೆಪ್ಪೆ ಮಿಟುಕಿಸುವುದರೊಳಗೆ ಮಾಯ. ಆ ಗರಿಗಳಲ್ಲೇ ಉಸಿರಾಟ, ಅವುಗಳಿಂದಲೇ ಆಹಾರ ಸೋಸುವುದು. ಮರಿಯಾಗಿದ್ದಾಗ ಹವಳದ ಮೇಲೆ ಕೂತು ಸುಣ್ಣದ ಕೊಳವೆ ಕಟ್ಟಿಕೊಂಡರೆ ಮುಗಿಯಿತು, ಜೀವಮಾನವಿಡೀ ಅಲ್ಲೇ. ಹವಳ ಬೆಳೆದಂತೆ ಕೊಳವೆಯೂ ಉದ್ದವಾಗುತ್ತದೆ.

ಈ ಬಾಡಿಗೆದಾರ ಕೊಡುವ ಬಾಡಿಗೆಯೇನು? ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಮುಳ್ಳಿನ ನಕ್ಷತ್ರಮೀನುಗಳ ಹಾವಳಿಯ ಕಾಲ. ಈ ನಕ್ಷತ್ರಮೀನು ಹವಳದ ಮೇಲೆ ಹತ್ತಿ, ತನ್ನ ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ, ಮಾಂಸವನ್ನು ಕರಗಿಸಿ ಹೀರುತ್ತದೆ. ಉಳಿಯುವುದು ಬಿಳಿ ಸುಣ್ಣದ ಅಸ್ಥಿ. ಆದರೆ 1986ರಲ್ಲಿ ವಿಜ್ಞಾನಿ ಡಿವಾಂಟಿಯರ್ ಮತ್ತು ಸಂಗಡಿಗರು ಒಂದು ವಿಷಯ ವರದಿ ಮಾಡಿದರು: ಹುಳುಗಳಿದ್ದ ಕಡೆ, ಕೊಳವೆಯ ಸುತ್ತಲಿನ ಹವಳದ ಜೀವಿಗಳು ಬದುಕುಳಿದಿದ್ದವು. ಮೈಮೇಲೆ ಬಂದ ನಕ್ಷತ್ರಮೀನನ್ನು ಹುಳು ಕೆಣಕಿ ಕಿರಿಕಿರಿ ಮಾಡುತ್ತದೆ. ಅದು ಆ ಜಾಗ ಬಿಟ್ಟು ಸರಿಯುತ್ತದೆ. ಉಳಿದ ಆ ಚೂರುಗಳಿಂದಲೇ ಹವಳ ಮತ್ತೆ ಹಬ್ಬಬಲ್ಲದು. ಹೊರಗಿನಿಂದ ಹೊಸ ಮರಿ ಬಂದು ನೆಲೆಸಲು ಕಾಯಬೇಕಿಲ್ಲ. ಇದು ಸಣ್ಣ ಉಪಕಾರವಲ್ಲ.

ಎಲ್ಲ ಹುಳುಗಳೂ ಹೀಗೆ ಕಾವಲುಗಾರರಲ್ಲ. ಹವಳದ ಅಸ್ಥಿಯನ್ನು ಕೊರೆಯುವ ಹುಳುಗಳು ಬಹಳ. ಕೊರೆದು ಕೊರೆದು ಬುಡ ಸಡಿಲವಾದ ಹವಳ ಬಿರುಗಾಳಿಗೆ ಮುರಿದು ಬೀಳುತ್ತದೆ. ಅದನ್ನು ನಾಶವೆಂದಷ್ಟೇ ಕರೆಯಲು ನನಗೆ ಮನಸ್ಸಿಲ್ಲ. ಆ ಬಿಲಗಳಲ್ಲಿ ಏಡಿ, ಸಿಗಡಿಗಳು ಸಂಸಾರ ಹೂಡುತ್ತವೆ. ಪುಡಿಯಾದ ಸುಣ್ಣ ಮರಳಾಗುತ್ತದೆ. ಇನ್ನು ಕೆಲವು ಹುಳುಗಳು ಊಟವೂ ಆಗುತ್ತವೆ. ದಿಬ್ಬದ ಬಿರುಕುಗಳಲ್ಲಿ ವಾಸಿಸುವ ಪಲೋಲೊ ಹುಳುವಿನ ಹಿಂಭಾಗ ಸಮೋವಾದಲ್ಲಿ ಅಕ್ಟೋಬರ್-ನವೆಂಬರಿನ ಕೃಷ್ಣಪಕ್ಷದ ಕೆಲವು ರಾತ್ರಿ ಸಂತಾನೋತ್ಪತ್ತಿಗೆ ಕಳಚಿಕೊಂಡು ಮೇಲೇಳುತ್ತದೆ. ಊರಿನವರು ಬಲೆ ಹಿಡಿದು ನೀರಿಗಿಳಿಯುತ್ತಾರೆ. ಅವರಿಗದು ಹಬ್ಬದೂಟ, ಮೀನುಗಳಿಗೂ ಹಾಗೆಯೇ.

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲೂ ಹವಳವಿದೆ. ಅಲ್ಲಿ ನೀರಿಗಿಳಿಯುವವರಲ್ಲಿ ಒಂದು ವಿನಂತಿ: ಹವಳದ ಮೇಲೆ ಕಾಲೂರಬೇಡಿ. ಸತ್ತದ್ದೆಂದು ಒಂದು ತುಂಡನ್ನೂ ಕಿತ್ತು ತರಬೇಡಿ. ಅದರೊಳಗೆ ಒಂದು ಊರೇ ಇರಬಹುದು.